ಶಿರಾಡಿ ಇಳಿಯುವ ಮೊದಲು ಬ್ಯಾಟರಿ ಫುಲ್ ಮಾಡಬೇಡಿ

ಪೆಟ್ರೋಲ್ ಕಾರು ಇದ್ದಷ್ಟು ಕಾಲ ತುಮಕೂರಿನಿಂದ ಧರ್ಮಸ್ಥಳಕ್ಕೆ ಹೋಗುವ ದಾರಿ ಏರುತ್ತಾ, ಇಳಿಯುತ್ತಾ ಅಂತ ನಾನು ಯೋಚಿಸಿದವನೇ ಅಲ್ಲ. ತಿಂಡಿಗೆ ಎಲ್ಲಿ ನಿಲ್ಲಿಸಬೇಕು, ಅಮ್ಮನಿಗೆ ಎಲ್ಲಿ ಹೊಟ್ಟೆ ತೊಳೆಸೋಕೆ ಶುರುವಾಗುತ್ತೆ, ಇಷ್ಟು ಗೊತ್ತಿದ್ದರೆ ಸಾಕಾಗಿತ್ತು. ಘಟ್ಟ ಬಂದರೆ ಗೇರ್ ಇಳಿಸು, ಮುಗೀತು. ಎಲೆಕ್ಟ್ರಿಕ್ ಕಾರು ತಗೊಂಡು ಮೊದಲ ಸಲ ದೂರದ ಊರಿಗೆ ಹೊರಟಾಗಲೇ ಗೊತ್ತಾಗಿದ್ದು, ಹಾಸನಕ್ಕೆ ಹೋಗುವುದು ಅಂದರೆ ಹತ್ತುವುದು ಅಂತ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್ ಚಿಲ್ಲರೆ ಮೇಲಿದೆ. ಹಾಸನ, ಸಕಲೇಶಪುರ ಎರಡೂ 900 ದಾಟಿವೆ. ಕಣ್ಣಿಗೆ ಈ ಏರು ಕಾಣುವುದಿಲ್ಲ. ಬ್ಯಾಟರಿಗೆ ಕಾಣುತ್ತೆ.

ನಮ್ಮದು ನೆಕ್ಸಾನ್ ಇವಿ, 40.5 ಕಿಲೋವ್ಯಾಟ್ ಅವರ್ ಬ್ಯಾಟರಿ. ಈ ಕಿಲೋವ್ಯಾಟ್ ಅವರ್ ಅನ್ನೋದು ಬೇರೇನೂ ಅಲ್ಲ, ಬೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ಟೇ. ಅಂದರೆ ನಲವತ್ತು ಯೂನಿಟ್ ಹಿಡಿಯುವ ಡಬ್ಬ ಕಾರಿನ ಹೊಟ್ಟೆ ಕೆಳಗಿದೆ. ಹೀಗೆ ಹೇಳಿದ ಮೇಲೆ ಅಮ್ಮನಿಗೂ ಅರ್ಥವಾಯ್ತು. "ಅಯ್ಯೋ, ನಮ್ಮನೆ ಹತ್ತು ದಿನದ ಕರೆಂಟು ಕಣೋ ಅದು" ಅಂದಳು. ಕಂಪನಿ ಹೇಳಿದ್ದು ಒಂದು ಸಲ ತುಂಬಿಸಿದರೆ 465 ಕಿಲೋಮೀಟರ್. ಅದು ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಅನ್ನೋ ಸಂಸ್ಥೆಯ ಪರೀಕ್ಷೆಯ ಲೆಕ್ಕ. ಆ ಪರೀಕ್ಷೆ ನಡೆಯುವುದು ರೋಲರ್ ಮೇಲೆ, ಹೆಚ್ಚಿನ ಹೊತ್ತು ಊರೊಳಗಿನ ನಿಧಾನದ ವೇಗದಲ್ಲಿ. ಹೈವೇನಲ್ಲಿ ನಾಲ್ಕು ಜನ ಕೂತು, ಎಸಿ ಹಾಕಿ, 85-90ರಲ್ಲಿ ಹೋದರೆ 270-280 ಅಂತ ಇಟ್ಟುಕೊಳ್ಳಿ. ತುಮಕೂರಿನಿಂದ ಕುಣಿಗಲ್ ಮೇಲೆ ಧರ್ಮಸ್ಥಳಕ್ಕೆ ಸುಮಾರು 265 ಕಿಲೋಮೀಟರ್. ಲೆಕ್ಕದ ಪ್ರಕಾರ ಒಂದೇ ಚಾರ್ಜಿನಲ್ಲಿ ಮುಟ್ಟಬಹುದು. ಆದರೆ ಅಮ್ಮ, ಹೆಂಡತಿ, ಮಗ ಮೂವರನ್ನೂ ಕೂರಿಸಿಕೊಂಡು ಆ ಲೆಕ್ಕ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ, ಇರಬೇಕಾಗಿಯೂ ಇಲ್ಲ.

ವೇಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 80ರಲ್ಲಿ ಹೋಗುವಾಗ ಗಾಳಿ ಎಷ್ಟು ತಡೆಯುತ್ತದೋ, 100ರಲ್ಲಿ ಅದರ ಒಂದೂವರೆ ಪಟ್ಟಿಗಿಂತಲೂ ಸ್ವಲ್ಪ ಜಾಸ್ತಿ ತಡೆಯುತ್ತೆ. ವೇಗ ಕಾಲು ಭಾಗ ಏರಿಸಿದರೆ ಗಾಳಿಯ ತಡೆ ಅರ್ಧ ಭಾಗಕ್ಕಿಂತ ಜಾಸ್ತಿ ಏರುತ್ತೆ, ಯಾಕಂದ್ರೆ ಅದು ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತೆ. ಪೆಟ್ರೋಲ್ ಕಾರಿಗೂ ಇದೇ ನಿಯಮ. ಆದರೆ ಅಲ್ಲಿ ಎಂಜಿನ್ನೇ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬರೀ ಬಿಸಿಯಾಗಿ ಹಾಳು ಮಾಡುವುದರಿಂದ ಈ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಇಲ್ಲಿ ಸೋರಿಕೆ ಕಮ್ಮಿ, ಹಾಗಾಗಿ ನೀವು ಮಾಡುವ ಪ್ರತಿ ದುಂದೂ ಲೆಕ್ಕಕ್ಕೆ ಬರುತ್ತೆ. ಎಸಿ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಅದು ಗಂಟೆಗೆ ಒಂದು ಯೂನಿಟ್ ಆಸುಪಾಸು ತಿನ್ನುತ್ತೆ, ಅಂದರೆ ಏಳು ಕಿಲೋಮೀಟರ್ ಹೋಯ್ತು ಅಷ್ಟೆ. ಬೆವರಿಕೊಂಡು ಕೂರುವ ಬದಲು ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲ ಮಾಡಿ.

ಬೆಳಗ್ಗೆ ಬೇಗ ಎದ್ದು, ಅಮ್ಮ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಹೊರಟೆವು. ಕಾರ್ತಿಕದಲ್ಲಿ ಆಳೆತ್ತರ ಮೀರಿದ ಮಣ್ಣಿನ ಗಣೇಶನನ್ನು ಕೂರಿಸುತ್ತಾರಲ್ಲ, ಆ ಗೂಳೂರು, ಆಮೇಲೆ ಹೆಬ್ಬೂರು, ಕುಣಿಗಲ್. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಮುಂದೆ ಒಂದೇ ದಾರಿ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು, ಬೆಳ್ಳೂರು ಕ್ರಾಸ್, ಹಿರೀಸಾವೆ ದಾಟಿದೆವು. ಕಾರು ಸದ್ದೇ ಮಾಡುವುದಿಲ್ಲವಾದ್ದರಿಂದ ಹಿಂದಿನ ಸೀಟಿನಲ್ಲಿ ಅಮ್ಮ ಬಿಡುವ ನಿಟ್ಟುಸಿರೂ ಕೇಳುತ್ತೆ. ಅವಳಿಗೆ ಒಂದೇ ಚಿಂತೆ. "ಮಧ್ಯ ದಾರೀಲಿ ನಿಂತ್ರೆ ಇದನ್ನ ಯಾರು ತಳ್ತಾರೆ?"

ಚನ್ನರಾಯಪಟ್ಟಣದ ಆಚೆ ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ ಚಾರ್ಜರ್ ಇದೆ ಅಂತ ಆ್ಯಪ್ ತೋರಿಸುತ್ತಿತ್ತು. ಹಸಿರು ಬಣ್ಣ, ಖಾಲಿ ಇದೆ ಅಂತ ಅರ್ಥ. ಹೋಗಿ ನೋಡಿದರೆ ಚಾರ್ಜರ್ ಪರದೆ ಮೇಲೆ ಏನೋ ಫಾಲ್ಟ್ ಅಂತ ಬರೆದಿದೆ, ಕಾರಿಗೆ ಸಿಕ್ಕಿಸುವ ಪ್ಲಗ್ಗು, ಅದಕ್ಕೆ ಗನ್ ಅನ್ನುತ್ತಾರೆ, ಚುಚ್ಚಿದರೂ ಮಿಸುಕಾಡುತ್ತಿಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ, ಆಮೇಲೆ ಸಂಗೀತ. ನಾನು ಸಂಗೀತ ಕೇಳುತ್ತಾ ನಿಂತಿದ್ದಾಗ, ಹೋಟೆಲ್ ಮುಂದೆ ಗಾಡಿ ನಿಲ್ಲಿಸೋಕೆ ಜಾಗ ತೋರಿಸುವ ಹುಡುಗ ಸೀಟಿ ಬಾಯಲ್ಲಿಟ್ಟುಕೊಂಡೇ ಬಂದ. ಚಾರ್ಜರಿನ ಪಕ್ಕದಲ್ಲಿ ಅಣಬೆ ಥರದ ಕೆಂಪು ಬಟನ್ ಇತ್ತು. ಅಂಗೈಯಿಂದ ಹಿಡಿದು ಬಲಕ್ಕೆ ತಿರುಗಿಸಿದ. ಟಕ್ ಅಂತ ಅದು ಹೊರಗೆ ಬಂತು. "ಮಕ್ಕಳು ಆಟ ಆಡ್ತಾ ಒತ್ತಿಬಿಡ್ತಾರೆ ಸಾರ್. ಎರಡು ನಿಮಿಷ ಬಿಡಿ, ಅದೇ ಆನ್ ಆಗುತ್ತೆ." ಆನ್ ಆಯ್ತು. ಅದು ತುರ್ತಾಗಿ ಕರೆಂಟ್ ಕಡಿಯುವ ಬಟನ್. ಒಮ್ಮೆ ಒಳಗೆ ಕೂತರೆ ತಿರುಗಿಸಿ ಬಿಡಿಸುವ ತನಕ ಚಾರ್ಜರ್ ಏಳುವುದಿಲ್ಲ. ಕೆಟ್ಟು ಹೋಗಿದೆ ಅಂತ ಜನ ಬೈದುಕೊಂಡು ವಾಪಸ್ ಹೋಗುವ ಚಾರ್ಜರ್‌ಗಳಲ್ಲಿ ಎಷ್ಟಕ್ಕೆ ಇದೇ ಕಾಯಿಲೆಯೋ! ನೀವು ಹೋದಾಗ ಮೊದಲು ಆ ಬಟನ್ ನೋಡಿ, ಆಮೇಲೆ ಫೋನ್ ಎತ್ತಿ. ಆದರೆ ಸುಟ್ಟ ವಾಸನೆ, ಕಿತ್ತು ಹೋದ ವೈರು ಕಂಡರೆ ಮಾತ್ರ ಅದರ ತಂಟೆಗೆ ಹೋಗಬೇಡಿ. ಯಾರೋ ಬೇಕಂತಲೇ ಒತ್ತಿರಬಹುದು.

ಇಡ್ಲಿ, ವಡೆ, ಕಾಫಿ ಮುಗಿಸಿ ಬರುವಷ್ಟರಲ್ಲಿ ಸಾಕಷ್ಟು ತುಂಬಿತ್ತು. ಚಾರ್ಜರಿನ ಮೇಲೆ 60 ಕಿಲೋವ್ಯಾಟ್ ಅಂತ ಬರೆದಿದ್ದರೂ ನಿಮಗೆ ಅಷ್ಟೂ ಸಿಗುವುದಿಲ್ಲ, ಇದು ತಿಳಿದಿರಲಿ. ಅದಕ್ಕೆ ಎರಡು ಗನ್ ಇದ್ದು, ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಪಾಲಾಗುತ್ತೆ. ನಿಮ್ಮ ಕಾರು ಎಷ್ಟು ನುಂಗಬಲ್ಲದೋ ಅದಕ್ಕಿಂತ ಜಾಸ್ತಿ ಕೊಟ್ಟರೂ ತಗೊಳ್ಳುವುದಿಲ್ಲ. 80 ಪರ್ಸೆಂಟ್ ದಾಟಿದ ಮೇಲೆ ಬ್ಯಾಟರಿಯೇ ಸಾಕು ಸಾಕು ಅಂತ ವೇಗ ಇಳಿಸಿಬಿಡುತ್ತೆ. ಕೊನೆಯ ಇಪ್ಪತ್ತು ಪರ್ಸೆಂಟ್‌ಗೆ ಕಾಯುತ್ತಾ ಕೂತವರನ್ನು ನೋಡಿದರೆ ನನಗೆ ಈಗ ಸಿಟ್ಟು ಬರುತ್ತೆ. ಹಿಂದೆ ಇನ್ನೊಬ್ಬ ಕಾಯ್ತಾ ಇದ್ದಾನೆ ಅಲ್ವಾ? ಮನೆ ಗೋಡೆಯ ಪ್ಲಗ್ಗಿನಲ್ಲಿ ನೂರು ಮಾಡಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಹೈವೇನಲ್ಲಿ ಎಂಬತ್ತಕ್ಕೆ ಗನ್ ಬಿಟ್ಟುಕೊಡಿ.

ಸಕಲೇಶಪುರದಲ್ಲಿ ಅಮ್ಮ ಕಾಲು ಚಾಚಬೇಕು ಅಂದಳು. ಅಲ್ಲೊಂದು ಚಾರ್ಜರ್ ಸಿಕ್ಕಿತು, ಹಾಕಿದೆ. ಹೆಂಡತಿಯ ಲೆಕ್ಕ ಸರಳವಾಗಿತ್ತು: ಮುಂದೆ ಘಟ್ಟ, ಘಟ್ಟದಲ್ಲಿ ರಿಸ್ಕ್ ಯಾಕೆ, ಫುಲ್ ಮಾಡಿಬಿಡೋಣ. ಯಾರಿಗೂ ಹಾಗೇ ಅನ್ನಿಸುತ್ತೆ. ಪಕ್ಕದ ಗನ್ನಿಗೆ ಒಂದು ಟ್ಯಾಕ್ಸಿ ಬಂದು ನಿಂತಿತು. ಎಲೆಕ್ಟ್ರಿಕ್ ಗಾಡಿಗಳಿಗೆಲ್ಲ ಹಸಿರು ನಂಬರ್ ಪ್ಲೇಟು. ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ ಅಕ್ಷರ. ಇದು ಹಳದಿ, ಮಂಗಳೂರು ಕಡೆಯದು. ಡ್ರೈವರ್ ನಮ್ಮ ಪರದೆ ಇಣುಕಿ ನೋಡಿ ಕೇಳಿದ, "ನೀವು ಘಟ್ಟ ಇಳಿಯುವುದಾ, ಹತ್ತಿ ಬಂದದ್ದಾ?"

"ಇಳಿಯೋದು."

"ಹಾಗಾದ್ರೆ ಫುಲ್ ಮಾಡ್ಬೇಡಿ ಮಾರ್ರೆ. ಫುಲ್ ಆದ್ರೆ ಘಟ್ಟದಲ್ಲಿ ಬರುವ ಕರೆಂಟನ್ನು ಎಲ್ಲಿ ಇಡ್ತೀರಿ?"

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಎಲೆಕ್ಟ್ರಿಕ್ ಕಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಮೋಟರೇ ಜನರೇಟರ್ ಆಗಿಬಿಡುತ್ತೆ. ಚಕ್ರ ಅದನ್ನು ತಿರುಗಿಸುತ್ತೆ, ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುತ್ತೆ, ಆ ಎಳೆತದಲ್ಲೇ ಕಾರು ನಿಧಾನವಾಗುತ್ತೆ. ಇದಕ್ಕೆ ರೀಜೆನ್ ಅನ್ನುತ್ತಾರೆ. ಬ್ಯಾಟರಿ ತುಂಬಿ ತುಳುಕುತ್ತಿದ್ದರೆ ವಾಪಸ್ ಬಂದದ್ದನ್ನು ಇಡೋಕೆ ಜಾಗ ಇರುವುದಿಲ್ಲ, ಹಾಗಾಗಿ ಕಾರು ರೀಜೆನ್ ಕಡಿಮೆ ಮಾಡುತ್ತೆ ಅಥವಾ ಪೂರ್ತಿ ನಿಲ್ಲಿಸುತ್ತೆ. ಆಗ ಎರಡು ನಷ್ಟ. ಪುಕ್ಕಟೆ ಕರೆಂಟ್ ಹೋಯ್ತು. ಇಷ್ಟು ಭಾರದ ಗಾಡಿಯನ್ನು ಅಷ್ಟು ದೂರ ಬರೀ ಬ್ರೇಕಿನಲ್ಲಿ ಹಿಡಿಯಬೇಕಾಯ್ತು, ಅದು ಇನ್ನೂ ಕೆಟ್ಟದ್ದು. ಇದಕ್ಕೆ ಗೇರ್ ಇಲ್ಲ, ಎಂಜಿನ್ ಬ್ರೇಕಿಂಗ್ ಅನ್ನೋದೂ ಇಲ್ಲ. ಇರುವುದು ರೀಜೆನ್ ಒಂದೇ. ಎಂಬತ್ತರ ಹತ್ತಿರ ಬಂದಾಗ ಗನ್ ತೆಗೆದು ಹೊರಟೆವು.

ಶಿರಾಡಿ ಘಾಟಿಯಲ್ಲಿ ಈಗ ಕಾಂಕ್ರೀಟ್ ರಸ್ತೆ. ಎರಡು ಹಂತದಲ್ಲಿ, 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ, ತಿಂಗಳುಗಟ್ಟಲೆ ದಾರಿ ಮುಚ್ಚಿ ಹಾಕಿದ್ದು. ಅದಕ್ಕೂ ಮುಂಚೆ ಇಲ್ಲಿ ಓಡಾಡಿದವರಿಗೆ ಅದರ ಬೆಲೆ ಗೊತ್ತು. ಮಂಗಳೂರು ಬಂದರಿನ ಟ್ಯಾಂಕರ್‌ಗಳು, ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು, ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮ ಕಾರಿನಲ್ಲಿ ನಾನು ಬ್ರೇಕ್ ಪೆಡಲ್ ಮುಟ್ಟಿದ್ದೇ ಅಪರೂಪ. ಸ್ಟೀರಿಂಗ್ ಹಿಂದಿರುವ ಪ್ಯಾಡಲ್‌ನಿಂದ ರೀಜೆನ್ ಹೆಚ್ಚು ಕಮ್ಮಿ ಮಾಡಬಹುದು. ಅತಿ ಜೋರಿನದ್ದಕ್ಕೆ ಹಾಕಿದರೆ ಕಾಲು ತೆಗೆದ ಕೂಡಲೇ ಕಾರು ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಲ್ಲುತ್ತೆ. ನನಗೆ ಅದು ಮಜಾ ಅನ್ನಿಸಿತು. ಹಿಂದಿನ ಸೀಟಿನಿಂದ ಮಾತ್ರ "ಬ್ರೇಕ್ ಮೇಲೆ ಬ್ರೇಕ್ ಯಾಕೋ ಹಾಕ್ತೀಯ, ಎದೆಗೆ ಬಂತು" ಅಂತ ಕೂಗು ಬಂತು. ನಾನು ಹಾಕ್ತಾ ಇಲ್ಲಮ್ಮ ಅಂದರೆ ನಂಬಲಿಲ್ಲ. ನಿಂಬೆಹಣ್ಣು ಮೂಸಿಸಿ, ಒಂದು ಹಂತ ಕೆಳಗಿಳಿಸಿ, ಕಾಲನ್ನು ತಟ್ಟನೆ ತೆಗೆಯದೆ ನಿಧಾನಕ್ಕೆ ಸಡಿಲಿಸುತ್ತಾ ಓಡಿಸಿದೆ. ಆಮೇಲೆ ಸರಿಹೋದಳು. ವಯಸ್ಸಾದವರನ್ನು, ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವರು ಇದನ್ನು ನೆನಪಿಟ್ಟುಕೊಳ್ಳಿ. ಒಂದು ಪರ್ಸೆಂಟ್ ಜಾಸ್ತಿ ಬರಲಿ ಅಂತ ಆಸೆಗೆ ಬಿದ್ದರೆ ಸೀಟು ತೊಳೆಯುವ ಕೆಲಸ ಬೀಳುತ್ತೆ.

ಪರ್ಸೆಂಟ್ ಏನಾಯ್ತು ಅಂತೀರಾ? ಘಟ್ಟದ ಮೇಲಿನ ಮಾರನಹಳ್ಳಿ ಹತ್ತಿರ ನೋಡಿದ್ದಕ್ಕಿಂತ ಕೆಳಗಿನ ಗುಂಡ್ಯದಲ್ಲಿ ಎರಡು ಜಾಸ್ತಿ ಇತ್ತು. ಅಷ್ಟೇನಾ ಅಂದಳು ಹೆಂಡತಿ. ಯೂಟ್ಯೂಬಿನಲ್ಲಿ ಘಟ್ಟ ಇಳಿದರೆ ಬ್ಯಾಟರಿ ತುಂಬಿಯೇ ಹೋಗುತ್ತೆ ಅನ್ನೋ ಥರ ತೋರಿಸುತ್ತಾರೆ, ಅದನ್ನು ನೋಡಿದ್ದಳು. ಮಗ ಪಿಯುಸಿ ಸೈನ್ಸು, ಫಿಸಿಕ್ಸ್ ಇದ್ದಕ್ಕಿದ್ದಂತೆ ಕೆಲಸಕ್ಕೆ ಬಂತು. ಎಂ ಜಿ ಎಚ್, ಅಂದರೆ ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸುವ ಸೂತ್ರ ಅಂತ ಶುರುಮಾಡಿದ. ಕಾರು, ನಾವು, ಲಗೇಜು ಎಲ್ಲಾ ಸೇರಿ 1,750 ಕೆಜಿ. ಇಳಿದದ್ದು ಸುಮಾರು 800 ಮೀಟರ್. 9.8ರಿಂದ ಗುಣಿಸಿದರೆ 1 ಕೋಟಿ 37 ಲಕ್ಷ ಜೂಲ್. ಕೇಳೋಕೆ ಭಾರಿ. ಆದರೆ 36 ಲಕ್ಷ ಜೂಲ್‌ಗೆ ಒಂದು ಯೂನಿಟ್, ಹಾಗಾಗಿ ಎಲ್ಲಾ ಸೇರಿ 3.8 ಯೂನಿಟ್. ನಮ್ಮ ಬ್ಯಾಟರಿಯ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಸ್ವಲ್ಪ ಕಮ್ಮಿ. ಅದರಲ್ಲೂ ಗಾಳಿ, ಟೈರು, ಮೋಟರ್ ತಮ್ಮ ತಮ್ಮ ಪಾಲು ತಿಂದ ಮೇಲೆ ಉಳಿದದ್ದು ಮಾತ್ರ ವಾಪಸ್. ಮೂವತ್ತು ಚಿಲ್ಲರೆ ಕಿಲೋಮೀಟರನ್ನು ಏನೂ ಖರ್ಚಿಲ್ಲದೆ ಬಂದೆವು, ಮೇಲೆ ಚೂರು ಉಳಿಯಿತು ಅನ್ನೋದೇ ನಿಜವಾದ ಲಾಭ. ಇನ್ನೂ ಮುಖ್ಯವಾದ ಮಾತೊಂದಿದೆ, ಮಗ ಅದನ್ನೂ ಹೇಳಿದ: "ಅಪ್ಪ, ಈ 3.8 ವಾಪಸ್ ಬರುವಾಗ ಕಟ್ಟಬೇಕು. ಬಡ್ಡಿ ಸೇರಿಸಿ."

ಪೆರಿಯಶಾಂತಿಯಲ್ಲಿ ಬಲಕ್ಕೆ ತಿರುಗಿ ಕೊಕ್ಕಡದ ಮೇಲೆ ಧರ್ಮಸ್ಥಳ. ದರ್ಶನ ಆಯ್ತು, ಅಮ್ಮನ ಹರಕೆ ತೀರಿತು, ಅನ್ನಪೂರ್ಣದಲ್ಲಿ ಊಟ ಆಯ್ತು. ರಾತ್ರಿ ತಂಗಿದ್ದು ಉಜಿರೆ ಹತ್ತಿರ ನನ್ನ ಕಾಲೇಜು ಗೆಳೆಯನ ಮನೆಯಲ್ಲಿ.

ಗೆಳೆಯನ ಮನೆಯಲ್ಲಿ 16 ಆಂಪ್ ಪ್ಲಗ್ ಇದೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡಿದ್ದೆ. ಕಾರಿನ ಜೊತೆ ಕೊಡುವ ಪೋರ್ಟಬಲ್ ಚಾರ್ಜರ್ ಅದಕ್ಕೆ ಹಾಕಿದರೆ ಗಂಟೆಗೆ ಸುಮಾರು ಮೂರು ಯೂನಿಟ್ ಇಳಿಯುತ್ತೆ, ಒಂದು ದೊಡ್ಡ ಗೀಸರ್ ಓಡಿಸಿದಷ್ಟೇ ಲೋಡು. ರಾತ್ರಿ ಪೂರ್ತಿ ಬಿಟ್ಟರೆ ಬೆಳಗ್ಗೆ ಫುಲ್. ಹಾಕಿದೆ. ಚಾರ್ಜರ್ ಡಬ್ಬದ ಮೇಲೆ ಕೆಂಪು ದೀಪ. ತೆಗೆದು ಹಾಕಿದೆ, ಕೆಂಪು. ಪಂಪ್ ಶೆಡ್ಡಿನ ಪ್ಲಗ್ಗಿಗೆ ಹಾಕಿದೆ, ಅಲ್ಲೂ ಕೆಂಪು. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಅದೇ ಪ್ಲಗ್ಗಿನಲ್ಲಿ ಚೆನ್ನಾಗಿಯೇ ಓಡುತ್ತಿವೆ. ಗೆಳೆಯನ ತಂದೆ ಜಗಲಿ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದವರು ತಲೆ ಎತ್ತದೆಯೇ ಹೇಳಿದರು, "ಅರ್ಥ್ ಇರ್ಲಿಕ್ಕಿಲ್ಲ. ಗುಂಡಿ ಒಣಗಿರ್ಬೇಕು."

ಮಾರ್ಚ್ ತಿಂಗಳು. ಮಳೆ ಬಿದ್ದು ಎಷ್ಟೋ ಕಾಲವಾಗಿತ್ತು, ಕೆಂಪು ಮುರಕಲ್ಲಿನ ನೆಲ ಕಾದು ಕೂತಿತ್ತು. ಮನೆ ಹಿಂದೆ ತೆಂಗಿನ ಮರದ ಬುಡದ ಹತ್ತಿರ ಒಂದು ಸಿಮೆಂಟಿನ ಮುಚ್ಚಳ. ಎತ್ತಿದರೆ ಒಳಗೆ ತುಕ್ಕು ಹಿಡಿದ ಪೈಪು, ಅದಕ್ಕೆ ಬಿಗಿದ ತಂತಿ, ಸುತ್ತ ಬಿರುಕು ಬಿಟ್ಟ ಮಣ್ಣು. ತಂತಿಯ ಬೋಲ್ಟ್ ಸಡಿಲವಾಗಿತ್ತು, ಮೇನ್ ಆಫ್ ಮಾಡಿ ಗೆಳೆಯ ಸ್ಪಾನರ್ ಹಾಕಿ ಬಿಗಿ ಮಾಡಿದ. ಅವನ ತಂದೆ ಒಂದು ಬೊಗಸೆ ಕಲ್ಲುಪ್ಪು ಸುರಿದರು. ಮಗ ಬಾವಿಯಿಂದ ಕೊಡಪಾನದಲ್ಲಿ ನೀರು ತಂದು ತಂದು ಹುಯ್ದ. ಮಣ್ಣು ಗುಳುಗುಳು ಅಂತ ಕುಡಿಯಿತು, ನೀರು ನಿಲ್ಲುವ ತನಕ ಹುಯ್ದೆವು. ಒಳಗೆ ಬಂದು ಮತ್ತೆ ಪ್ಲಗ್ ಹಾಕಿದೆ. ಹಸಿರು.

ಇದರ ಕಾರಣ ಏನಪ್ಪಾ ಅಂದರೆ, ಚಾರ್ಜರ್ ಕೆಲಸ ಶುರುಮಾಡುವ ಮೊದಲು ಅರ್ಥಿಂಗ್ ಇದೆಯಾ ಅಂತ ತಾನೇ ಪರೀಕ್ಷೆ ಮಾಡುತ್ತೆ. ಇಷ್ಟು ದೊಡ್ಡ ಲೋಹದ ಡಬ್ಬದ ಬಾಡಿಗೆ ಕರೆಂಟ್ ಸೋರಿದರೆ ಅದು ನೆಲಕ್ಕೆ ಇಳಿದು ಹೋಗಬೇಕು, ಕಾರು ಮುಟ್ಟಿದ ಮನುಷ್ಯನ ಮೂಲಕ ಅಲ್ಲ. ಮಿಕ್ಸಿಗೆ ಈ ಶಿಸ್ತು ಇಲ್ಲ, ಅದಕ್ಕೇ ನಮ್ಮ ಎಷ್ಟೋ ಮನೆಗಳಲ್ಲಿ ಅರ್ಥ್ ಸತ್ತು ವರ್ಷಗಳಾದರೂ ಯಾರಿಗೂ ಗೊತ್ತೇ ಇರುವುದಿಲ್ಲ. ಅರ್ಥ್ ಇಲ್ಲದಿದ್ದರೂ ಚಾರ್ಜ್ ಆಗುವಂತೆ ಮಾಡಿಕೊಡುತ್ತೇವೆ ಅನ್ನುವ ಎಲೆಕ್ಟ್ರಿಷಿಯನ್‌ಗಳೂ ಇದ್ದಾರೆ. ಬೇಡ, ದಯವಿಟ್ಟು ಬೇಡ. ಒಣ ಮಣ್ಣಿಗಿಂತ ಉಪ್ಪು ನೀರು ಕುಡಿದ ಮಣ್ಣಿನಲ್ಲಿ ಕರೆಂಟ್ ಸಲೀಸಾಗಿ ಇಳಿಯುತ್ತೆ, ಆದರೆ ಆ ಉಪ್ಪು ನೀರು ಕೂಡ ಆ ರಾತ್ರಿಯ ಮಟ್ಟಿಗೆ ಮಾತ್ರ. ಬೆಳಗ್ಗೆಯೇ ಗೆಳೆಯ ಎಲೆಕ್ಟ್ರಿಷಿಯನ್‌ಗೆ ಹೇಳಿ ಹೊಸ ಅರ್ಥ್ ಗುಂಡಿ ಹಾಕಿಸುವ ಏರ್ಪಾಡು ಮಾಡಿದ. ನಮ್ಮ ಕಾರು ಬರದಿದ್ದರೆ ಅವರ ಗೀಸರ್ ಹಾಗೇ ಅರ್ಥ್ ಇಲ್ಲದೆ ಓಡುತ್ತಲೇ ಇರುತ್ತಿತ್ತು. ಇನ್ನೊಂದು ಮಾತು, ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಹಾಕಲೇಬೇಡಿ. ಅರ್ಧ ಗಂಟೆ ಆದ ಮೇಲೆ ಪ್ಲಗ್ಗಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕೆ ಆಗದಷ್ಟು ಸುಡುತ್ತಿದ್ದರೆ ನಿಲ್ಲಿಸಿ.

ವಾಪಸ್ ಬರುವಾಗ ಮಗ ಹೇಳಿದ ಬಡ್ಡಿ ಕಟ್ಟಿದೆವು. ಗುಂಡ್ಯದಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಇಪ್ಪತ್ತು ಪರ್ಸೆಂಟ್ ಹೋಯ್ತು. ಸಮತಟ್ಟಾದ ರಸ್ತೆಯಲ್ಲಿ ಅಷ್ಟು ದೂರಕ್ಕೆ ಬೇಕಾಗುವುದು ಇದರ ಅರ್ಧ. ಡ್ಯಾಶ್‌ಬೋರ್ಡಿನಲ್ಲಿ ಇನ್ನೆಷ್ಟು ಕಿಲೋಮೀಟರ್ ಹೋಗಬಹುದು ಅಂತ ತೋರಿಸುವ ನಂಬರ್ ಇದೆಯಲ್ಲ, ಘಟ್ಟದಲ್ಲಿ ಅದನ್ನು ನೋಡಿದರೆ ಗಾಬರಿಯಾಗುತ್ತೆ. ಒಂದು ಕಿಲೋಮೀಟರ್ ಹೋದರೆ ಎರಡು ಮೂರು ಇಳಿಯುತ್ತಿತ್ತು. ಹೆಂಡತಿ ಎಸಿ ಆರಿಸಿ ಕಿಟಕಿ ಇಳಿಸಿದಳು, ಅಮ್ಮ ಮಂಜುನಾಥನನ್ನು ನೆನೆದಳು. ಆ ನಂಬರ್ ಮುಂದಿನ ದಾರಿ ನೋಡಿ ಹೇಳುವುದಲ್ಲ. ಹಿಂದೆ ನೀವು ಹೇಗೆ ಓಡಿಸಿದಿರಿ ಅನ್ನೋದರ ಮೇಲೆ ಮುಂದಿನದ್ದನ್ನು ಅಂದಾಜು ಮಾಡುತ್ತೆ. ಹತ್ತುವಾಗ ಹೆದರಿಸುತ್ತೆ, ಇಳಿಯುವಾಗ ಉಬ್ಬಿಸುತ್ತೆ. ಇಳಿದ ಮೇಲೆ ಗುಂಡ್ಯದಲ್ಲಿ ಅದು ತೋರಿಸಿದ ಕಿಲೋಮೀಟರ್ ನೋಡಿದ್ದರೆ ನೀವು ನಗುತ್ತಿದ್ದಿರಿ. ನಾನು ಈಗ ಆ ನಂಬರ್ ನೋಡುವುದೇ ಬಿಟ್ಟಿದ್ದೇನೆ. ಪರ್ಸೆಂಟ್ ನೋಡುತ್ತೇನೆ, ಮುಂದೆ ಏರೋ ಇಳಿತವೋ ಅಂತ ಮೊಬೈಲ್ ಮ್ಯಾಪಿನಲ್ಲಿ ಎತ್ತರ ನೋಡುತ್ತೇನೆ. ಬಯಲಿನಲ್ಲಿ ಒಂದು ಪರ್ಸೆಂಟ್‌ಗೆ ಮೂರು ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ, ಘಟ್ಟ ಹತ್ತುವಾಗ ಒಂದೂವರೆಯಿಂದ ಎರಡು. ಇಷ್ಟು ಬಾಯಿಪಾಠ ಇದ್ದರೆ ಸಾಕು.

ಹಾಸನದಲ್ಲಿ ಭಾನುವಾರ ಸಂಜೆಯ ಜಾತ್ರೆ. ಘಟ್ಟದ ಕೆಳಗಿನಿಂದ ಬೆಂಗಳೂರಿಗೆ ವಾಪಸಾಗುವ ಹಸಿರು ಪ್ಲೇಟುಗಳೆಲ್ಲ ಒಂದೇ ಹೊತ್ತಿಗೆ ಬಂದಿದ್ದವು. ನಮ್ಮ ಮುಂದೆ ಇಬ್ಬರಿದ್ದರು. ಆ್ಯಪ್‌ಗಳ ಕಥೆ ಇಲ್ಲೇ ಹೇಳಬೇಕು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್. ಪ್ರತಿಯೊಂದಕ್ಕೂ ಒಟಿಪಿ, ಪ್ರತಿಯೊಂದರ ವ್ಯಾಲೆಟ್ಟಿಗೂ ಮೊದಲೇ ದುಡ್ಡು ಹಾಕಬೇಕು. ಮೂವತ್ತು ರೂಪಾಯಿ ಇಲ್ಲಿ, ನೂರು ರೂಪಾಯಿ ಅಲ್ಲಿ ಅಂತ ನನ್ನ ಚಿಲ್ಲರೆ ಎಲ್ಲೆಲ್ಲೋ ಉಳಿದುಕೊಂಡಿದೆ. ಪಾನಿಪುರಿ ಗಾಡಿಯವನು ಯುಪಿಐ ಸ್ಕ್ಯಾನರ್ ಇಟ್ಟುಕೊಂಡಿದ್ದಾನೆ, ಲಕ್ಷಾಂತರ ರೂಪಾಯಿಯ ಚಾರ್ಜರಿಗೆ ಅದು ಯಾಕೆ ಕಷ್ಟವೋ ಗೊತ್ತಿಲ್ಲ. ಹೊರಡುವ ಹಿಂದಿನ ದಿನವೇ ಮನೆಯ ವೈಫೈನಲ್ಲಿ ಈ ಆ್ಯಪ್‌ಗಳನ್ನೆಲ್ಲ ಹಾಕಿ, ಲಾಗಿನ್ ಆಗಿ, ದುಡ್ಡು ತುಂಬಿ ಇಟ್ಟುಕೊಳ್ಳಿ. ಘಟ್ಟದ ನೆಟ್‌ವರ್ಕಿನಲ್ಲಿ ಒಟಿಪಿಗೆ ಕಾಯುವುದಿದೆಯಲ್ಲ, ಅದು ಬೇಡ.

ಸರತಿಯಲ್ಲಿ ಕಾಯುವಾಗ ಒಬ್ಬ ಹಿರಿಯರು ಬಂದು, ಇದೆಲ್ಲ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟೇ ಅಲ್ವೇನ್ರೀ, ಹೊಗೆ ನಿಮ್ಮ ಕಾರಲ್ಲಿ ಬರದೆ ರಾಯಚೂರಲ್ಲಿ ಬರುತ್ತೆ, ಅಷ್ಟೇ ತಾನೆ ಅಂದರು. ಮಾತಿನಲ್ಲಿ ಸತ್ಯ ಇದೆ. ಆದರೆ ಅರ್ಧ. ನಾನು ತುಮಕೂರಿನವನು, ನಮ್ಮ ಜಿಲ್ಲೆಯ ಪಾವಗಡದಲ್ಲೇ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಕಡೆಯ ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಾದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ನೆಲ ಅದು. ಹಗಲು ಹೊತ್ತು ಚಾರ್ಜ್ ಹಾಕಿದರೆ ಗ್ರಿಡ್ಡಿನಲ್ಲಿ ಬಿಸಿಲಿನ ಪಾಲು ಇರುತ್ತೆ. ನಾನು ಮಾಡುವ ಹಾಗೆ ರಾತ್ರಿ ಹಾಕಿದರೆ ಪಾವಗಡ ಮಲಗಿರುತ್ತೆ, ಆಗ ಕಲ್ಲಿದ್ದಲು, ಶರಾವತಿ ನೀರು, ಗಾಳಿ. ಅದಕ್ಕೇ ಈಗ ರಜೆಯ ದಿನ ಮನೆಯಲ್ಲಿದ್ದರೆ ಮಧ್ಯಾಹ್ನವೇ ಪ್ಲಗ್ ಹಾಕುತ್ತೇನೆ. ಹಿರಿಯರಿಗೆ ಇಷ್ಟು ಹೇಳುವಷ್ಟರಲ್ಲಿ ನಮ್ಮ ಸರದಿ ಬಂತು. ಅವರು ಒಪ್ಪಿದಂತೇನೂ ಕಾಣಲಿಲ್ಲ.

ಖರ್ಚು ಕೇಳುವವರು ಜಾಸ್ತಿ, ಹೇಳಿಬಿಡುತ್ತೇನೆ. ಮನೆಯಲ್ಲಿ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು. ಸೋರಿಕೆ ಸೇರಿಸಿ ಫುಲ್ ಚಾರ್ಜಿಗೆ 270 ರೂಪಾಯಿ. ಹೈವೇ ಚಾರ್ಜರ್‌ಗಳಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಇಪ್ಪತ್ತು ರೂಪಾಯಿ ದಾಟುತ್ತೆ, ಅಂದರೆ ಮನೆಯ ಮೂರು ನಾಲ್ಕು ಪಟ್ಟು. ಗೆಳೆಯನ ತಂದೆ ದುಡ್ಡು ತೆಗೆದುಕೊಳ್ಳಲಿಲ್ಲ, ಬದಲಿಗೆ ಒಂದು ಚೀಲ ತೆಂಗಿನಕಾಯಿ ಹಾಕಿದರು. ಅದನ್ನು ಬಿಟ್ಟು ಹೋಗಿ ಬರುವ ಖರ್ಚು ಒಂದೂಕಾಲು ಸಾವಿರದ ಆಸುಪಾಸು. ಹಳೆಯ ಪೆಟ್ರೋಲ್ ಕಾರಿಗೆ ಮೂರೂವರೆ ಸಾವಿರ ಬೇಕಾಗುತ್ತಿತ್ತು. ಟೋಲ್ ಎರಡಕ್ಕೂ ಒಂದೇ. ಆದರೆ ಇದನ್ನು ಕೊಳ್ಳುವಾಗ ಲಕ್ಷಗಳಲ್ಲಿ ಜಾಸ್ತಿ ಕೊಟ್ಟಿದ್ದೇನೆ, ಅದನ್ನು ಮರೆತು ಉಳಿತಾಯ ಉಳಿತಾಯ ಅಂತ ಕುಣಿಯುವುದರಲ್ಲಿ ಅರ್ಥವಿಲ್ಲ. ದಿನಾ ತುಮಕೂರಿನಿಂದ ಬೆಂಗಳೂರಿಗೆ ಓಡಾಡುವವನಾದ್ದರಿಂದ ನನಗೆ ಗಿಟ್ಟುತ್ತೆ. ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗಿ ಬರುವವರು ಈ ಲೆಕ್ಕಕ್ಕೆ ಬೀಳಬೇಡಿ.

ಇನ್ನು ಮಳೆಗಾಲದಲ್ಲಿ ಹೊರಡುವವರಿಗೆ. ಶಿರಾಡಿಯಲ್ಲಿ ದೋಣಿಗಲ್ ಸುತ್ತಮುತ್ತ ಗುಡ್ಡ ಕುಸಿದು ದಾರಿ ಮುಚ್ಚುವುದು ಹೊಸದಲ್ಲ. ಧರ್ಮಸ್ಥಳದಿಂದ ವಾಪಸ್ ಹೊರಡುವ ಹೊತ್ತಿಗೆ ಮುಚ್ಚಿದರೆ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು ಮೇಲೆ ಹಾಸನಕ್ಕೆ ಬರಬೇಕು. ಅಲ್ಲೂ ಘಟ್ಟ ಹತ್ತಲೇಬೇಕು, ತಿರುವು ಇನ್ನೂ ಜಾಸ್ತಿ. ಹಾಗಾಗಿ ಕೆಳಗಿನಿಂದ ಹೊರಡುವಾಗ ಬ್ಯಾಟರಿ ಫುಲ್ ಇರಲಿ. ಇಳಿಯುವಾಗ ಬೇಡ ಅಂದದ್ದು ಹತ್ತುವಾಗ ಬೇಕೇ ಬೇಕು. ಬೆಳಗ್ಗೆ ಹೊರಡುವ ಮುಂಚೆ ದಾರಿ ತೆರೆದಿದೆಯಾ ಅಂತ ಅಲ್ಲಿನವರಿಗೆ ಒಂದು ಫೋನ್ ಮಾಡಿ ಕೇಳಿ. ಆ ಟ್ಯಾಕ್ಸಿ ಡ್ರೈವರ್ ನಂಬರ್ ನಾನು ಆವತ್ತೇ ತಗೊಂಡಿದ್ದೇನೆ, ಆಗಸ್ಟಿನಲ್ಲಿ ಕುಕ್ಕೆಗೆ ಹೋಗುವ ಮುಂಚೆ ಅವನನ್ನೇ ಕೇಳುವುದು.